ಮುಂಬೈಯಲ್ಲಿ ಊರಿನ ಸಾಮಾನು: ಮಾಟುಂಗವೋ, ಮಂಗಳೂರು ಸ್ಟೋರೋ, ಮಂಡಿಯೋ, ಮೊಬೈಲೋ?

ಮುಂಬೈಗೆ ಹೊಸದಾಗಿ ಬಂದವರು, ಇಲ್ಲೇ ಇದ್ದು ಮನೆ ಬದಲಿಸಿದವರು, ಇಬ್ಬರೂ ಕೇಳುವ ಪ್ರಶ್ನೆ ಒಂದೇ. ಊರಿನ ಸಾಮಾನು ಎಲ್ಲಿಂದ ತರುವುದು? ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಕಾಫಿಪುಡಿ, ಮಂಗಳೂರು ಸೌತೆ, ಅಷ್ಟಮಿಗೆ ಮೂಡೆ (ಹಿಟ್ಟು ಹುಯ್ದು ಕಡುಬು ಬೇಯಿಸುವ ಎಲೆಯ ಅಚ್ಚು). ಮನೆಯ ಹಿರಿಯರು ದಕ್ಷಿಣದವರ ಹಳೆಯ ಬಡಾವಣೆಯ ಹೆಸರು ಹೇಳಿ ‘ಮಾಟುಂಗ ಬಿಟ್ಟರೆ ಬೇರೆ ಇಲ್ಲ’ ಅನ್ನುತ್ತಾರೆ. ಪಕ್ಕದ ಫ್ಲ್ಯಾಟಿನವರು ಸ್ಟೇಷನ್ ಹತ್ತಿರದ ಮಂಗಳೂರು ಸ್ಟೋರಿನ ದಾರಿ ತೋರಿಸುತ್ತಾರೆ. ಆಫೀಸಿನ ಗೆಳೆಯರು ಮೊಬೈಲ್ ತೆಗೆದು ‘ಹತ್ತು ನಿಮಿಷದಲ್ಲಿ ಬರುತ್ತೆ, ಸುಮ್ನೆ ಯಾಕೆ ಓಡಾಡ್ತೀರಿ’ ಅನ್ನುತ್ತಾರೆ. ಮೂವರು ಹೇಳುವುದೂ ನಿಜ. ಆದರೆ ಒಬ್ಬೊಬ್ಬರೂ ಬೇರೆ ಬೇರೆ ಸಾಮಾನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ.

ಹಾಗಾಗಿ ಯಾವ ಅಂಗಡಿ ಒಳ್ಳೆಯದು ಅನ್ನುವ ಮೊದಲು ಯಾವುದನ್ನೆಲ್ಲ ನೋಡಿ ಅಳೆಯಬೇಕು ಅಂತ ಇತ್ಯರ್ಥ ಮಾಡಿಕೊಳ್ಳೋಣ.

ಏನು ನೋಡಬೇಕು

ಎಲ್ಲಕ್ಕಿಂತ ಮುಖ್ಯ, ನಿಮಗೆ ಬೇಕಾದ ತಳಿಯೇ ಸಿಗುತ್ತದೆಯೇ ಅನ್ನುವುದು. ಕೆಂಪು ಕುಚ್ಚಲಕ್ಕಿ ಕೇಳಿದರೆ ಮುಂಬೈಯ ಬಹಳ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಕೊಡುತ್ತಾರೆ. ಅದೂ ಒಳ್ಳೆಯ ಅಕ್ಕಿಯೇ. ಆದರೆ ಕಾಳು ದಪ್ಪ, ರುಚಿ ಬೇರೆ, ನಮ್ಮ ಕರಾವಳಿಯ ಗಂಜಿಯ ತಿಳಿ ಅದರಲ್ಲಿ ಬರುವುದಿಲ್ಲ. ಮೆಣಸಿನಲ್ಲೂ ಹೀಗೇ. ಬ್ಯಾಡಗಿ ಕೇಳಿದವರಿಗೆ ಕಾಶ್ಮೀರಿ ಕೊಟ್ಟು ‘ಬಣ್ಣ ಒಂದೇ ಅಲ್ವಾ’ ಅನ್ನುವವರಿದ್ದಾರೆ. ಬಣ್ಣ ಹತ್ತಿರ ಬರಬಹುದು, ಸಾರಿನ ಪರಿಮಳ ಬರುವುದಿಲ್ಲ.

ಆಮೇಲೆ, ಆ ಅಂಗಡಿಯಲ್ಲಿ ಆ ಸಾಮಾನು ಎಷ್ಟು ಬೇಗ ಖಾಲಿಯಾಗುತ್ತದೆ? ಮುಂಬೈ ಮಳೆಗಾಲದ ಹಸಿ ಗಾಳಿಯಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಅಕ್ಕಿಗೆ ಹುಳ ಬೀಳುತ್ತದೆ, ಕಾಫಿಪುಡಿಯ ಘಮ ಹಾರಿಹೋಗುತ್ತದೆ. ಒಳ್ಳೆಯ ಅಂಗಡಿಯಲ್ಲೂ ಯಾರೂ ಕೊಳ್ಳದ ಸಾಮಾನು ಹಳತೇ ಆಗಿರುತ್ತದೆ.

ಬೆಲೆ ನೋಡುವಾಗ ಡಬ್ಬದ ಮೇಲಿನ ಬೆಲೆ ಮಾತ್ರ ನೋಡಬೇಡಿ. ಹೋಗಿಬರುವ ಖರ್ಚು, ಹೊತ್ತು ತರುವ ಕಷ್ಟ, ಅರ್ಧ ದಿನದ ರಜೆ, ಇವನ್ನೂ ಸೇರಿಸಿ. ಬೇಕಾದಷ್ಟೇ ಬಿಡಿಯಾಗಿ ತೂಗಿ ಕೊಡುತ್ತಾರೆಯೇ, ತಿಂಗಳ ಕೊನೆಗೆ ಲೆಕ್ಕ ಬರೆದಿಡುತ್ತಾರೆಯೇ ಅನ್ನುವುದೂ ಸಣ್ಣ ಸಂಬಳದವರಿಗೆ ದೊಡ್ಡ ವಿಷಯ.

ಇನ್ನೊಂದು ಉಳಿಯಿತು. ಅಂಗಡಿಯಲ್ಲಿ ನಿಮಗೆ ಜನ ಸಿಗುತ್ತಾರೆಯೇ? ಇದನ್ನು ಅಳೆಯುವುದು ಕಷ್ಟ. ಆದರೆ ಈ ಊರಿನಲ್ಲಿ ಕನ್ನಡದವರು, ತುಳುವರು, ಕೊಂಕಣಿಗರು ಬಾಡಿಗೆ ಕೋಣೆ, ಕೆಲಸ, ಅಡುಗೆಯವರು, ಪುರೋಹಿತರು ಎಲ್ಲವನ್ನೂ ಅಂಗಡಿಯ ಮುಂದೆ ನಿಂತೇ ಹುಡುಕಿಕೊಂಡಿದ್ದಾರೆ. ಈಗಲೂ ಹುಡುಕುತ್ತಾರೆ. ನಾನು ಇದನ್ನು ಬೆಲೆಯಷ್ಟೇ ಗಟ್ಟಿಯಾಗಿ ಲೆಕ್ಕಕ್ಕೆ ಹಿಡಿಯುತ್ತೇನೆ.

ಮಾಟುಂಗ ಪೂರ್ವ

1896ರ ಪ್ಲೇಗಿನ ನಂತರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗ ಭಾಗವನ್ನು ಅಗಲ ರಸ್ತೆ, ತೋಟಗಳಿಟ್ಟು ಹೊಸ ಬಡಾವಣೆಯಾಗಿ ರೂಪಿಸಿತು. ಆಫೀಸು ಕೆಲಸಕ್ಕೆ ದಕ್ಷಿಣದಿಂದ ಬಂದವರು ಇಲ್ಲಿ ನೆಲೆಸಿದರು. ಅವರ ಹಿಂದೆಯೇ ದೇವಸ್ಥಾನ, ಊಟದ ಮನೆ, ಅಂಗಡಿ ಬಂದವು. ಕೆಫೆ ಮದ್ರಾಸ್ 1940ರದ್ದು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಸ್ಟೇಷನ್ ಪಕ್ಕದಲ್ಲೇ ಇದೆ, ಇವತ್ತಿಗೂ ಬಾಳೆಎಲೆ ಊಟ ಹಾಕುತ್ತದೆ. ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ. ಕಿಂಗ್ಸ್ ಸರ್ಕಲ್‌ನಲ್ಲಿ ಗೌಡ ಸಾರಸ್ವತ ಬ್ರಾಹ್ಮಣರ ಜಿಎಸ್‌ಬಿ ಸೇವಾ ಮಂಡಲದ ಗಣಪತಿ 1955ರಿಂದ ಕೂರುತ್ತಿದೆ. ಇವೆಲ್ಲ ಕಾಲ್ನಡಿಗೆಯಲ್ಲಿ ಮುಗಿಯುವಷ್ಟು ಹತ್ತಿರ. ಮಾರುಕಟ್ಟೆ ಬೆಳೆದದ್ದು ಇವುಗಳ ನಡುವೆ. ಅದಕ್ಕೇ ಅಲ್ಲಿ ಹೂವು, ಬಾಳೆಎಲೆ, ವೀಳ್ಯದೆಲೆ, ಪೂಜೆಯ ಸಾಮಾನು, ತರಕಾರಿ, ಕಾಫಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಮಾಟುಂಗಕ್ಕೆ ಸಾಟಿಯಿಲ್ಲದ್ದು ಕಾಫಿಯಲ್ಲಿ. ಬೀಜ ಹುರಿದು ನಿಮ್ಮ ಎದುರೇ ಪುಡಿ ಮಾಡಿ ಕೊಡುವ ಹಳೆಯ ಅಂಗಡಿಗಳು ಅಲ್ಲಿವೆ. ಭಂಡಾರ್ಕರ್ ರಸ್ತೆಯ ಮೈಸೂರು ಕನ್ಸರ್ನ್ಸ್ ಹೆಸರನ್ನು ಮುಂಬೈಯ ಬಹಳ ಮನೆಗಳು ಬಲ್ಲವು. ಅಲ್ಲಿಗೆ ಹೋದರೆ ‘ಕಾಫಿಪುಡಿ ಕೊಡಿ’ ಅಂತಷ್ಟೇ ಹೇಳಬೇಡಿ. ಬೀಜದಲ್ಲಿ ಪ್ಲಾಂಟೇಷನ್ ಬೇಕೋ ಪೀಬೆರಿ ಬೇಕೋ, ಚಿಕೋರಿ (ಕಾಫಿಗೆ ಬೆರೆಸುವ ಬೇರಿನ ಪುಡಿ) ಎಷ್ಟು, ಫಿಲ್ಟರಿಗೋ ಬೇರೆಯದಕ್ಕೋ, ಮೂರನ್ನೂ ಹೇಳಿ. ಚಿಕೋರಿ ಬೆರೆಸಿದ ಕಾಫಿಯಲ್ಲಿ ಚಿಕೋರಿ ಶೇ 49 ದಾಟಬಾರದು, ಪ್ಯಾಕೆಟ್ಟಿನ ಮೇಲೆ ಎರಡರ ಪ್ರಮಾಣವನ್ನೂ ಬರೆದಿರಬೇಕು ಅನ್ನುವುದು ಕಾನೂನು. ಸೂಪರ್ ಮಾರ್ಕೆಟ್ಟಿನ ಅಗ್ಗದ ಪ್ಯಾಕೆಟ್ಟನ್ನು ತಿರುಗಿಸಿ ಓದಿ. ಅದು ಏಕೆ ಅಗ್ಗ ಅನ್ನುವುದು ಅಲ್ಲೇ ಬರೆದಿರುತ್ತದೆ. ಕಾಫಿ 80, ಚಿಕೋರಿ 20 ಅಂತ ಹೇಳಿ ಪುಡಿ ಮಾಡಿಸಿಕೊಂಡರೆ ಬೆಲೆ ಜಾಸ್ತಿ ಅನಿಸಬಹುದು, ಆದರೆ ಕೊಟ್ಟ ಹಣಕ್ಕೆ ಬಂದದ್ದು ಕಾಫಿಯೇ. ಕಾಲು ಕಿಲೋಕ್ಕಿಂತ ಹೆಚ್ಚು ಒಂದೇ ಸಲ ತರಬೇಡಿ, ದೊಡ್ಡ ಮನೆಯಲ್ಲದಿದ್ದರೆ.

ಎರಡನೆಯದು ಹೂವು. ಆಸ್ತಿಕ ಸಮಾಜದ ದೇವಸ್ಥಾನದ ಸುತ್ತ ಕಟ್ಟಿದ ಮಾಲೆ, ಮಲ್ಲಿಗೆ, ತುಳಸಿ ಬೇಕಾದಷ್ಟು. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯೇ ಬೇಕು ಅನ್ನುವವರು ಮೊದಲೇ ಹೇಳಿಡಬೇಕು. ಅದು ಚೆಂಡಿನ ಲೆಕ್ಕದಲ್ಲಿ ಬರುತ್ತದೆ, ದರ ದಿನದಿನಕ್ಕೆ ಏರಿಳಿಯುತ್ತದೆ, ಮದುವೆ ಮುಹೂರ್ತದ ದಿನಗಳಲ್ಲಿ ಕೈಗೆ ಸಿಗುವುದಿಲ್ಲ.

ಕೊರತೆಗಳನ್ನೂ ನೋಡಿ. ಮಾಟುಂಗದ ಹಳೆಯ ಅಂಗಡಿಗಳು ಹೆಚ್ಚಾಗಿ ತಮಿಳು, ಪಾಲಕ್ಕಾಡಿನ ಮನೆಗಳನ್ನು ನೆಚ್ಚಿ ಬೆಳೆದವು. ಹಾಗಾಗಿ ಸಾಂಬಾರು, ಅಪ್ಪಳ, ಬಾಳೆಕಾಯಿ ಚಿಪ್ಸು ತುಂಬಾ ಚೆನ್ನ. ಕೋರಿ ರೊಟ್ಟಿ, ಒಣ ಸಿಗಡಿ, ಉಪ್ಪುಸೊಳೆ ಹುಡುಕಿದರೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಫಾಸ್ಟ್ ಲೋಕಲ್ ಮಾಟುಂಗದಲ್ಲಿ ನಿಲ್ಲುವುದಿಲ್ಲ, ದಾದರಿನಲ್ಲಿ ಇಳಿದು ಸ್ಲೋ ಹಿಡಿಯಬೇಕು. ವೆಸ್ಟರ್ನ್ ಲೈನಿನವರು ಮಾಟುಂಗ ರೋಡ್ ಇಳಿದು ಸೇತುವೆ ದಾಟಿ ನಡೆಯಬೇಕು. ಹೊಸಬರು ಮರೆಯುವ ವಿಷಯ ಒಂದಿದೆ: ಆ ಭಾಗದಲ್ಲಿ ರಿಕ್ಷಾ ಓಡುವುದಿಲ್ಲ. ಹತ್ತು ಕಿಲೋ ಅಕ್ಕಿ ಕೊಂಡಿರೋ, ಟ್ಯಾಕ್ಸಿಯೇ ಗತಿ. ಅಕ್ಕಿ ಅಲ್ಲಿಂದ ತರಬೇಡಿ. ಹಗುರ ಸಾಮಾನು, ಘಮದ ಸಾಮಾನು, ಪೂಜೆಯ ಸಾಮಾನು, ಇವುಗಳಿಗೆ ಮಾಟುಂಗ.

ಚೌತಿ, ಓಣಂ, ಯುಗಾದಿಯ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ವಾರದ ನಡುವಿನ ಬೆಳಗ್ಗೆ ಹೋಗಿ. ಮಧ್ಯಾಹ್ನ ಕೆಲವು ಅಂಗಡಿಗಳು ಬಾಗಿಲು ಹಾಕುತ್ತವೆ.

ಉಪನಗರದ ಮಂಗಳೂರು ಸ್ಟೋರ್

ಚೆಂಬೂರು, ಸಾಂತಾಕ್ರೂಜ್, ಕುರ್ಲಾ, ಮುಲುಂಡ್, ಥಾಣೆ, ಡೊಂಬಿವಲಿ, ಮೀರಾ ರೋಡ್, ನವಿ ಮುಂಬೈ. ನಮ್ಮವರು ಎಲ್ಲೆಲ್ಲಿ ನೆಲೆಸಿದರೋ ಅಲ್ಲೆಲ್ಲ ಒಂದಾದರೂ ಮಂಗಳೂರು ಸ್ಟೋರ್ ಇದ್ದೇ ಇರುತ್ತದೆ. ಕರಾವಳಿಯಿಂದ ಹಡಗು ಹತ್ತಿ ಬಂದವರು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಮೆಲ್ಲಗೆ ಕೋಣೆ, ಮನೆ, ಸಂಸಾರ ಮಾಡಿಕೊಂಡರು. ದಕ್ಷಿಣ ಮುಂಬೈಯಲ್ಲಿ ಮನೆ ಕೈಗೆಟುಕದೆ ಹೋದಾಗ ಉಪನಗರಕ್ಕೆ ಸರಿದರು. ಅಂಗಡಿಯೂ ಅವರ ಜೊತೆ ಸರಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಊರಿಗೂ ಮುಂಬೈಗೂ ನಡುವಿನ ದಾರಿ ಇನ್ನೂ ಹತ್ತಿರವಾಯಿತು. ಈಗ ಊರಿನ ತರಕಾರಿ ಸಂಜೆ ಬಸ್ಸು, ಲಾರಿ ಹತ್ತಿದರೆ ಮರುದಿನ ಇಲ್ಲಿ ಇಳಿಯುತ್ತದೆ.

ಹೊರಗಿನಿಂದ ನೋಡಿದರೆ ಸಣ್ಣ ಗಾಳೆ, ಅಂದರೆ ಒಂದು ಕೋಣೆಯ ಮಳಿಗೆ. ಒಳಗೆ ಕರಾವಳಿಯ ಅಡುಗೆಮನೆಯೇ ಇರುತ್ತದೆ. ಕುಚ್ಚಲಕ್ಕಿಯಲ್ಲೇ ಎರಡು ಮೂರು ಬಗೆ, ನೀರುದೋಸೆಗೆ ಬೆಳ್ತಿಗೆ ಅಕ್ಕಿ, ಕೋರಿ ರೊಟ್ಟಿಯ ಪ್ಯಾಕೆಟ್, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು, ಮಾವಿನ ಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಪುನರ್ಪುಳಿ, ಗಾಣದ ತೆಂಗಿನೆಣ್ಣೆ. ಹೊರಗಿನ ಬುಟ್ಟಿಯಲ್ಲಿ ಮಂಗಳೂರು ಸೌತೆ, ಬಸಳೆ, ಅಲಸಂಡೆ, ಸುವರ್ಣಗೆಡ್ಡೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದೃಷ್ಟವಿದ್ದರೆ ಮಟ್ಟುಗುಳ್ಳ. ಉಡುಪಿ ಹತ್ತಿರದ ಮಟ್ಟು ಗ್ರಾಮದ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರು ಹೇಳಿ ಬೇರೆ ಹಸಿರು ಬದನೆ ಮಾರುವವರೂ ಇದ್ದಾರೆ. ದುಂಡಗೆ, ತಿಳಿ ಹಸಿರು, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು, ಇಷ್ಟನ್ನು ನೋಡಿ ತೆಗೆದುಕೊಳ್ಳಿ.

ಇಲ್ಲಿ ಕೊಳ್ಳುವ ಕ್ರಮ ಬೇರೆ. ಮೊದಲು ಕೇಳಬೇಕಾದ್ದು ಬೆಲೆಯಲ್ಲ, ‘ಊರಿನ ಲೋಡು ಯಾವತ್ತು ಬರುತ್ತೆ?’ ಅಂತ. ಲೋಡು ಬಂದ ದಿನ ಸಂಜೆಯೊಳಗೆ ಹೋದರೆ ಬಸಳೆ ಎಲೆ ಎಲೆಯೂ ನಳನಳಿಸುತ್ತಿರುತ್ತದೆ. ಎರಡು ದಿನ ಬಿಟ್ಟು ಹೋದವರು ಅದೇ ಬೆಲೆಗೆ ಬಾಡಿದ್ದನ್ನು ತರುತ್ತಾರೆ. ಅಂಗಡಿಯವರು ಒಂದೆರಡು ತಿಂಗಳಲ್ಲಿ ನಿಮ್ಮನ್ನು ಗುರುತು ಹಿಡಿದರೆ ‘ಅಕ್ಕ, ನಿಮಗೆ ಅಂತ ತೆಗೆದಿಟ್ಟಿದ್ದೇನೆ’ ಅಂತ ಫೋನು ಬರುತ್ತದೆ.

ಲೆಕ್ಕದ ಪುಸ್ತಕವೂ ಇಲ್ಲಿ ಜೀವಂತವಾಗಿದೆ. ಹೋಟೆಲು ಕೆಲಸದ ಹುಡುಗರು, ಹೊಸ ಸಂಸಾರದವರು, ಪಿಂಚಣಿ ಬರುವುದು ತಡವಾದ ಹಿರಿಯರು, ಇವರ ಹೆಸರು ಆ ಪುಸ್ತಕದಲ್ಲಿ ಇರುತ್ತದೆ. ಬ್ಯಾಂಕು ಐದು ಸಾವಿರಕ್ಕೆ ನೂರು ಕಾಗದ ಕೇಳುತ್ತದೆ. ಈ ಅಂಗಡಿಯವರು ಊರು ಯಾವುದು, ಯಾರ ಮನೆ ಅಂತ ಕೇಳಿ ಅಕ್ಕಿ ಕೊಡುತ್ತಾರೆ. ಇದನ್ನು ಬರೀ ವ್ಯಾಪಾರ ಅಂತ ನನಗೆ ಹೇಳಲಾಗುವುದಿಲ್ಲ.

ಬಾಗಿಲ ಪಕ್ಕದ ಗೋಡೆಯನ್ನು ಓದಿ. ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನದ ಆಟದ ಪೋಸ್ಟರ್, ಶನಿಪೂಜೆಯ ಆಮಂತ್ರಣ, ಬಂಟರ ಸಂಘದ ವಿದ್ಯಾರ್ಥಿವೇತನದ ಅರ್ಜಿ, ಬಿಲ್ಲವರ ಭವನದ ಕಾರ್ಯಕ್ರಮ, 1902ರಿಂದ ನಡೆದುಬಂದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಸಭೆ, ‘ಇಬ್ಬರು ಹುಡುಗರಿಗೆ ಕೋಣೆ ಇದೆ’ ಅನ್ನುವ ಚೀಟಿ. ಮುಂಬೈಗೆ ಬಂದ ಹೊಸದರಲ್ಲಿ ಒಬ್ಬಂಟಿ ಅನಿಸುವವರಿಗೆ ಇಷ್ಟು ಮಾಹಿತಿ ಬೇರೆಲ್ಲೂ ಒಂದೇ ಕಡೆ ಸಿಗುವುದಿಲ್ಲ.

ಕಷ್ಟಗಳೂ ಇವೆ. ಬೇಳೆ, ಸಕ್ಕರೆ, ಸಾಬೂನಿನಂಥ ಎಲ್ಲ ಕಡೆ ಸಿಗುವ ಸಾಮಾನು ಇಲ್ಲಿ ದೊಡ್ಡ ಅಂಗಡಿಗಿಂತ ತುಟ್ಟಿ. ಮನೆಯಲ್ಲೇ ಮಾಡಿದ ಚಕ್ಕುಲಿ, ಉಪ್ಪಿನಕಾಯಿ, ಮಸಾಲೆ ಪುಡಿಗಳ ಮೇಲೆ ಒಮ್ಮೊಮ್ಮೆ ದಿನಾಂಕವೇ ಇರುವುದಿಲ್ಲ. ಯಾವಾಗ ಮಾಡಿದ್ದು ಅಂತ ಕೇಳಲು ಸಂಕೋಚಪಡಬೇಡಿ. ತೆಂಗಿನೆಣ್ಣೆಯನ್ನು ಡಬ್ಬದಿಂದ ಬಿಡಿಯಾಗಿ ಸುರಿದು ಕೊಟ್ಟರೆ ಬೇಡ ಅನ್ನಿ. ಅಡುಗೆ ಎಣ್ಣೆಯ ಬಿಡಿ ಮಾರಾಟಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಕಲಬೆರಕೆ ಸುಲಭ ಅನ್ನುವುದೇ ಕಾರಣ. ಸೀಲು ಹಾಕಿದ, ಪರವಾನಗಿ ಸಂಖ್ಯೆ ಇರುವ ಬಾಟಲಿಯೇ ತನ್ನಿ.

ಈಗ ನಾನು ತುಂಬಾ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಅಷ್ಟಮಿಯ ಹಿಂದಿನ ದಿನ ಮುಂಡಕದ ಎಲೆಯ ಮೂಡೆ ಹುಡುಕಿಕೊಂಡು ಎಲ್ಲರೂ ಈ ಅಂಗಡಿಗೆ ಬರುತ್ತಾರೆ. ಊರಿನಲ್ಲಿ ಯಾರೋ ಮುಳ್ಳು ತೆಗೆದು, ಬಾಡಿಸಿ, ಸುತ್ತಿ ಕಳಿಸಿದ ಮೂಡೆ ಅದು. ಮಾರಾಟವಾಗದೆ ಉಳಿದರೆ ಮರುದಿನ ಕಸ. ಅದರಲ್ಲಿ ಅಂಗಡಿಯವರಿಗೆ ಸಿಗುವುದು ಅಷ್ಟರಲ್ಲೇ ಇದೆ. ಆ ನಷ್ಟದ ಭಯವನ್ನು ಹೊತ್ತುಕೊಂಡು ಅವರು ತರಿಸುವುದು ವರ್ಷವಿಡೀ ಅಕ್ಕಿ, ಎಣ್ಣೆ, ಹಪ್ಪಳ ಮಾರಿದ ಲಾಭದ ಬಲದಿಂದ. ಅಕ್ಕಿಯನ್ನು ನಾವೆಲ್ಲ ಮೊಬೈಲಿನಲ್ಲಿ ತರಿಸಿಕೊಂಡು, ಮೂಡೆಗೆ ಮಾತ್ರ ಅವರ ಹತ್ತಿರ ಹೋದರೆ, ಅಂಗಡಿ ಕೆಲವು ವರ್ಷ ನಡೆದು ಬಾಗಿಲು ಮುಚ್ಚುತ್ತದೆ. ಆ ಗಾಳೆಯ ಬಾಡಿಗೆ ಮುಂಬೈ ಬಾಡಿಗೆ ಅನ್ನುವುದನ್ನು ಮರೆಯಬೇಡಿ. ಮೂಡೆ ಬೇಕೆನ್ನುವವರು ಅಕ್ಕಿಯನ್ನೂ ಅಲ್ಲಿಂದಲೇ ತರಬೇಕು. ಬೆಲೆಯ ವ್ಯತ್ಯಾಸ ತಿಂಗಳಿಗೆ ಒಂದು ಸಿನಿಮಾ ಟಿಕೆಟಿನಷ್ಟೂ ಆಗುವುದಿಲ್ಲ.

ಪಕ್ಕದ ಭಾಜಿ ಮಾರ್ಕೆಟ್

ಊರಿನದ್ದೇ ಬೇಕು ಅಂತ ನಾವು ದೂರ ಹುಡುಕುವ ಕೆಲವು ಸೊಪ್ಪುಗಳು ಮನೆಯ ಪಕ್ಕದಲ್ಲೇ ಇರುತ್ತವೆ. ವಸಯಿ ಕಡೆಯಿಂದ ಬೆಳಗಿನ ರೈಲಿನಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಬಸಳೆ, ಹರಿವೆ, ಬಾಳೆದಿಂಡು, ಬಾಳೆಎಲೆ ತಾಜಾ ಸಿಗುತ್ತವೆ. ಬಸಳೆಯನ್ನು ‘ಮಾಯಾಳು’ ಅಂತ ಕೇಳಿ, ಹರಿವೆಯನ್ನು ‘ಮಾಠ’ ಅಂತ ಕೇಳಿ. ಪತ್ರೊಡೆಗೆ ಕೆಸುವಿನ ಎಲೆ ಬೇಕಾದರೆ ‘ವಡೀಚಾ ಅಳೂ’ ಅನ್ನಬೇಕು. ಬರೀ ‘ಅಳೂ’ ಅಂದರೆ ಪಲ್ಯದ ಬಗೆಯದ್ದು ಕೊಟ್ಟಾರು, ಅದು ಸುತ್ತಲು ಬರುವುದಿಲ್ಲ. ಅರಿಶಿನ ಎಲೆಯೂ ಶ್ರಾವಣದಲ್ಲಿ ಇಲ್ಲಿ ಸಿಗುತ್ತದೆ, ಕೊಂಕಣದ ಮರಾಠಿ ಮನೆಗಳಲ್ಲೂ ನಾಗರ ಪಂಚಮಿಗೆ ಅದೇ ಎಲೆಯಲ್ಲಿ ಕಡುಬು ಮಾಡುತ್ತಾರೆ. ಬೆಲೆ ಕಡಿಮೆ, ತಾಜಾತನ ಜಾಸ್ತಿ. ಸೊಪ್ಪಿಗೆ ನನ್ನ ಮತ ಇವರಿಗೇ.

ಲಾಲ್‌ಬಾಗ್, ವಾಶಿ: ವರ್ಷದ ಸಾಮಾನಿಗೆ

ವರ್ಷಕ್ಕಾಗುವ ಮಸಾಲೆ ಒಂದೇ ಸಲ ಮಾಡಿಡುವ ಮನೆಗಳಿಗೆ ಲಾಲ್‌ಬಾಗಿನ ಮೆಣಸಿನ ಓಣಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬ್ಯಾಡಗಿ, ಸಂಕೇಶ್ವರಿ, ಕಾಶ್ಮೀರಿ, ಗುಂಟೂರು ಎಲ್ಲ ರಾಶಿ ಬಿದ್ದಿರುತ್ತವೆ. ಪಕ್ಕದಲ್ಲೇ ಹುರಿದು, ಕುಟ್ಟಿ ಕೊಡುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೊಸ ಬೆಳೆ ಬರುವುದು ವರ್ಷದ ಆರಂಭದಲ್ಲಿ. ಹಾಗಾಗಿ ಬೇಸಿಗೆಗೆ ಕೊಂಡರೆ ಹೊಸತು, ಮಳೆ ಮುಗಿದ ಮೇಲೆ ಕೊಂಡರೆ ಶೀತಲಗೃಹದ್ದು ಸಿಗುವ ಸಾಧ್ಯತೆ ಹೆಚ್ಚು. ಬ್ಯಾಡಗಿಯಲ್ಲೂ ಡಬ್ಬಿ, ಕಡ್ಡಿ ಅಂತ ಎರಡಿವೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಎರಡೂ ಸುಕ್ಕುಸುಕ್ಕಾಗಿರುತ್ತವೆ, ನಯವಾಗಿ ಹೊಳೆಯುತ್ತಿದ್ದರೆ ಅನುಮಾನಪಡಿ. ಕುಟ್ಟಿಸುವಾಗ ಅಲ್ಲೇ ನಿಂತಿರಿ, ಹಿಂದಿನವರ ಮಸಾಲೆಯ ಉಳಿಕೆ ನಿಮ್ಮದರಲ್ಲಿ ಸೇರದಂತೆ ನೋಡಿಕೊಳ್ಳಿ. ಬಿಡಿ ನೂರು ಗ್ರಾಂ ಮೆಣಸು ಸಾಕು ಅನ್ನುವವರು ಅಷ್ಟು ದೂರ ಹೋಗಬೇಕಿಲ್ಲ.

ವಾಶಿಯ ಎಪಿಎಂಸಿ ಸಗಟು ಮಂಡಿ ಗೋಣಿ ಲೆಕ್ಕದ ಜಾಗ. ಸೊಸೈಟಿಯಲ್ಲಿ ನಾಲ್ಕೈದು ಮನೆ ಸೇರಿ ಅಕ್ಕಿ, ಬೇಳೆ, ಬೆಲ್ಲ ಹಂಚಿಕೊಳ್ಳುವುದಾದರೆ, ಇಲ್ಲವೇ ಗೃಹಪ್ರವೇಶ, ಮುಂಜಿಯ ಅಡುಗೆ ಇದ್ದರೆ ಮಾತ್ರ ಲಾಭ. ಟೆಂಪೋ ಬಾಡಿಗೆ ಸೇರಿಸಿ ಲೆಕ್ಕ ಹಾಕಿ.

ಬಯಲುಸೀಮೆ, ಉತ್ತರ ಕರ್ನಾಟಕದವರಿಗೆ

ಇದುವರೆಗೆ ಕರಾವಳಿಯ ಮಾತೇ ಜಾಸ್ತಿಯಾಯಿತು. ಮುಂಬೈಯ ಕನ್ನಡ ಅಂಗಡಿಗಳು ಹೆಚ್ಚಾಗಿ ಆ ಕಡೆಯವರದ್ದು, ಅದಕ್ಕೆ. ಕಲಬುರಗಿ, ವಿಜಯಪುರ, ಬೆಳಗಾವಿಯಿಂದ ಬಂದವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಜೋಳ ಈ ರಾಜ್ಯದ ಊಟವೂ ಹೌದು. ಸೋಲಾಪುರದ ಮಾಲದಂಡಿ ಜೋಳ ಯಾವ ಹಿಟ್ಟಿನ ಗಿರಣಿಯಲ್ಲೂ ಸಿಗುತ್ತದೆ. ಕಾಳು ಕೊಂಡು ಎದುರೇ ಬೀಸಿಸಿಕೊಳ್ಳಿ, ಪ್ಯಾಕೆಟ್ಟಿನ ಹಳೆಯ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ. ಗುರೆಳ್ಳನ್ನು ‘ಕಾರಳೆ’ ಅಂತ, ಅಗಸೆಯನ್ನು ‘ಜವಸ’ ಅಂತ ಕೇಳಿದರೆ ಕಿರಾಣಿ ಅಂಗಡಿಯವರೇ ಕೊಡುತ್ತಾರೆ. ಮಂಗಳೂರು ಸ್ಟೋರ್ ಹುಡುಕಿ ಹೋಗುವ ಅಗತ್ಯ ನಿಮಗೆ ಅಷ್ಟಾಗಿ ಇಲ್ಲ. ಮೈಸೂರು, ಹಾಸನ ಕಡೆಯವರಿಗೆ ರಾಗಿ ಹಿಟ್ಟು ಎಲ್ಲೆಡೆ ಸಿಗುತ್ತದೆ. ಅವರೆಕಾಳು, ಸಂಕ್ರಾಂತಿಯ ಸಕ್ಕರೆ ಅಚ್ಚು ಬೇಕಾದರೆ ಮಾಟುಂಗದಲ್ಲಿ ಮುಂಚೆ ಕೇಳಿಡಿ.

ಸೂಪರ್ ಮಾರ್ಕೆಟ್, ಆ್ಯಪ್, ಬಸ್ಸಿನ ಪಾರ್ಸೆಲ್

ಡಿ-ಮಾರ್ಟ್‌ನಂಥ ಕಡೆ ಬೇಳೆ, ಸಕ್ಕರೆ, ಗೋಧಿ, ಸಾಬೂನು ಅಗ್ಗ. ಅದರಲ್ಲಿ ಅನುಮಾನವಿಲ್ಲ, ಅಲ್ಲೇ ಕೊಳ್ಳಿ. ಬ್ಲಿಂಕಿಟ್, ಜೆಪ್ಟೊ ರಾತ್ರಿ ಹತ್ತಕ್ಕೆ ದೋಸೆಹಿಟ್ಟು ಮುಗಿದಾಗ ನೆರವಿಗೆ ಬರುತ್ತವೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಪುಟ್ಟ ಮಗು ಇರುವ ಮನೆಗೆ, ಮೊಣಕಾಲು ನೋವಿನ ಹಿರಿಯರಿಗೆ ಇದು ನಿಜವಾದ ಉಪಕಾರ. ಆದರೆ ಪರದೆಯ ಮೇಲೆ ‘ಕೆಂಪು ಅಕ್ಕಿ’ ಅಂತಷ್ಟೇ ಇದ್ದರೆ ಅದು ಯಾವ ಊರಿನದ್ದು, ಕುಚ್ಚಿದ್ದೋ ಅಲ್ಲವೋ ಗೊತ್ತಾಗುವುದಿಲ್ಲ. ಮೂಸಿ ನೋಡಲಾಗುವುದಿಲ್ಲ. ಕಂಪನಿ ಹೆಸರು ಗೊತ್ತಿರುವ, ಒಮ್ಮೆ ತಂದು ಮೆಚ್ಚಿದ ಪ್ಯಾಕೆಟ್ ಮಾತ್ರ ಆ್ಯಪಿನಲ್ಲಿ ತರಿಸಿ.

ಊರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ತರಿಸುವವರು ಈಗಲೂ ಬಹಳ. ಅಮ್ಮ ಹಾಕಿದ ಉಪ್ಪಿನಕಾಯಿ, ತೋಟದ ತೆಂಗಿನಕಾಯಿ, ಮನೆಯ ಅಕ್ಕಿ, ಇವುಗಳಿಗೆ ಬೆಲೆ ಕಟ್ಟಲಾಗದು. ಕಷ್ಟವೆಂದರೆ ಬಸ್ಸು ನಿಲ್ಲುವುದು ಹೆದ್ದಾರಿಯ ಬದಿಯಲ್ಲಿ, ಅದೂ ಬೆಳಗಿನ ಜಾವದಲ್ಲೋ ಟ್ರಾಫಿಕ್ಕಿನ ಹೊತ್ತಿನಲ್ಲೋ. ಪಾರ್ಸೆಲ್ ಶುಲ್ಕ, ರಿಕ್ಷಾ ಸೇರಿಸಿದರೆ ತೆಂಗಿನಕಾಯಿ ಇಲ್ಲಿನ ಬೆಲೆಯನ್ನೇ ಮುಟ್ಟುತ್ತದೆ. ಎಣ್ಣೆಯ ಬಾಟಲಿ, ಉಪ್ಪಿನಕಾಯಿ ಭರಣಿ ಸೋರಿದರೆ ಅಕ್ಕಿಯೂ ಹಾಳು. ವರ್ಷಕ್ಕೊಂದೆರಡು ಸಲ, ಮನೆಯ ಕೈರುಚಿ ಇರುವ ಸಾಮಾನಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಹಾಗಾದರೆ ನೀವು?

ಅಂಧೇರಿಯಲ್ಲೋ ಪವಾಯಿಯಲ್ಲೋ ಕೋಣೆ ಹಂಚಿಕೊಂಡಿರುವ ಹುಡುಗ ಹುಡುಗಿಯರು ದಿನದ ಸಾಮಾನಿಗೆ ಆ್ಯಪ್ ನೆಚ್ಚಿಕೊಳ್ಳಿ, ತಪ್ಪೇನಿಲ್ಲ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಮಾಟುಂಗಕ್ಕೆ ಹೋಗಿ ಬನ್ನಿ. ತಿಂಡಿ, ಕಾಫಿಪುಡಿ, ಒಂದು ಪ್ಯಾಕೆಟ್ ಹಪ್ಪಳ, ಹಾಗೇ ಮೈಸೂರು ಅಸೋಸಿಯೇಷನ್ನಿನಲ್ಲಿ ಏನು ಕಾರ್ಯಕ್ರಮ ಇದೆ ಅಂತ ನೋಡಿಕೊಂಡು ಬರಬಹುದು. ಖರ್ಚು ಜಾಸ್ತಿ ಆಗುವುದಿಲ್ಲ, ಗುರುತಿನವರು ಜಾಸ್ತಿ ಆಗುತ್ತಾರೆ.

ಥಾಣೆ, ಡೊಂಬಿವಲಿಯಲ್ಲಿ ಸಂಸಾರ ಇರುವವರಿಗೆ ಮಂಗಳೂರು ಸ್ಟೋರೇ ಮೊದಲು. ಅಕ್ಕಿ, ತೆಂಗಿನೆಣ್ಣೆ, ಹಪ್ಪಳ, ಊರಿನ ತರಕಾರಿ ಅಲ್ಲಿಂದ. ಬೇಳೆ, ಸಕ್ಕರೆ ದೊಡ್ಡ ಅಂಗಡಿಯಿಂದ. ಸೊಪ್ಪು ಮಾರ್ಕೆಟ್ಟಿನ ಹೆಂಗಸರಿಂದ. ಹಣ ತುಂಬಾ ಬಿಗಿಯಾಗಿದ್ದರೆ ದಿನದ ಅನ್ನಕ್ಕೆ ಇಲ್ಲಿನ ಕೋಲಂ ಅಕ್ಕಿ ಇಟ್ಟುಕೊಂಡು, ರಾತ್ರಿಯ ಗಂಜಿಗೆ ಮಾತ್ರ ಕುಚ್ಚಲಕ್ಕಿ ಬಳಸುವ ಮನೆಗಳನ್ನು ನಾನು ನೋಡಿದ್ದೇನೆ. ಒಳ್ಳೆಯ ದಾರಿ ಅದು.

ಊರಿನಿಂದ ಬಂದು ಮಗನ ಮನೆಯಲ್ಲಿರುವ ಅಪ್ಪ ಅಮ್ಮಂದಿರಿಗೆ ನಡೆದುಹೋಗುವ ದೂರದಲ್ಲಿ ಒಂದು ಮಂಗಳೂರು ಸ್ಟೋರ್ ಇದೆಯೇ ಅಂತ ಮನೆ ಹುಡುಕುವಾಗಲೇ ನೋಡಿ. ಲಿಫ್ಟ್, ಪಾರ್ಕಿಂಗ್ ಕೇಳುವ ಹಾಗೆ ಇದನ್ನೂ ಕೇಳಿ. ದಿನಕ್ಕೊಮ್ಮೆ ಅರ್ಧ ಕಿಲೋ ಸೌತೆ ತರುವ ನೆಪದಲ್ಲಿ ಅವರು ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡಿ ಬರುತ್ತಾರೆ. ಹತ್ತನೇ ಮಹಡಿಯಲ್ಲಿ ಇಡೀ ದಿನ ಟಿವಿ ಮುಂದೆ ಕೂರುವ ಹಿರಿಯರಿಗೆ ಅದಕ್ಕಿಂತ ಬೇರೆ ಔಷಧ ಬೇಡ.

ಹೊಸ ಅಂಗಡಿಗೆ ಮೊದಲ ಸಲ ಹೋಗುವಾಗ ಬಟ್ಟೆಚೀಲ ಹಿಡಿದುಕೊಳ್ಳಿ, 2018ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಅಕ್ಕಿಯನ್ನು ಒಂದು ಹಿಡಿ ಕೈಗೆ ತೆಗೆದುಕೊಂಡು ಮೂಸಿ. ಮುಗ್ಗಲು ವಾಸನೆ ಇಲ್ಲದಿದ್ದರೆ ಎರಡೇ ಕಿಲೋ ತನ್ನಿ. ಗಂಜಿ ಮಾಡಿ ನೋಡಿ. ಮನೆಯವರೆಲ್ಲ ಒಪ್ಪಿದರೆ ಮುಂದಿನ ಸಲ ಹೋದಾಗ ಅಂಗಡಿಯವರ ಫೋನ್ ನಂಬರ್ ತೆಗೆದುಕೊಂಡು, ಲೋಡು ಬರುವ ದಿನ ಬರೆದುಕೊಂಡು, ತಿಂಗಳ ಅಕ್ಕಿಗೆ ಹೇಳಿ ಬನ್ನಿ. ಮನೆಗೆ ತಲುಪಿಸುತ್ತಾರೆಯೇ ಅಂತಲೂ ಕೇಳಿ. ಬಹಳ ಕಡೆ ತಲುಪಿಸುತ್ತಾರೆ.